ಹತ್ತೊಂಬತ್ತು ಸಾಲಿನ ಚೀಟಿ

"ನನ್ನ ಚೀಟಿ ಎಲ್ಲಿ ಹೋಯ್ತು ಅಂತ ನೀವೇ ಹೇಳಬೇಕು," ಎನ್ನುತ್ತಾ ಟೀಚರ್ ನನ್ನ ಮೇಜಿನ ಮುಂದೆ ಬಂದು ನಿಂತಾಗ ಗುರುವಾರ ಬೆಳಗಿನ ಹನ್ನೊಂದು ಗಂಟೆ. ನಾನು ಹಾಜರಿ ಪಟ್ಟಿಗಳಿಗೆ ಸೀಲು ಹೊಡೆಯುತ್ತಿದ್ದೆ. ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕೂತವಳಿಗೆ ಒಂದು ಚೀಟಿ ಕಳೆದುಹೋಗುವುದು ದೊಡ್ಡ ಸಂಗತಿಯಲ್ಲ. ಆದರೆ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಮಾವ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿ ತೊಡೆಯ ಮೇಲಿಟ್ಟರು. ಅವರು ಹಾಗೆ ಮಡಿಸಿದರೆಂದರೆ ನನ್ನ ಆ ದಿನದ ಕೆಲಸ ಕೆಟ್ಟಂತೆಯೇ.

ಮಾವ ಎಂದರೆ ನನ್ನ ಗಂಡನ ತಂದೆ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಸಿಗ್ನಲ್ ಕ್ಯಾಬಿನ್ನುಗಳ ತಪಾಸಣೆ ಮಾಡಿ ನಿವೃತ್ತರಾದವರು. ನಮ್ಮ ಕ್ವಾರ್ಟರ್ಸ್ ವಿಭಾಗದ ಕಟ್ಟಡದ ಬೆನ್ನಿಗೇ ಇದ್ದುದರಿಂದ ದಿನಾ ಹತ್ತೂವರೆಗೆ ಬಂದು ಕಚೇರಿಯ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದುತ್ತಿದ್ದರು. ಹಿಂದಿನ ವರ್ಷ ಭೌತಶಾಸ್ತ್ರದವರ ಲೆನ್ಸುಗಳು ಮಾಯವಾದಾಗ, ಅದಕ್ಕೂ ಮೊದಲು ಪ್ರಶ್ನೆಪತ್ರಿಕೆಯ ಲಕೋಟೆ ಬದಲಾದಾಗ, ಆಸಾಮಿಯನ್ನು ಹಿಡಿದುಕೊಟ್ಟದ್ದು ಅವರೇ. ಅಂದಿನಿಂದ ಇಡೀ ಕಟ್ಟಡಕ್ಕೆ ಅವರು ಸಂಬಳವಿಲ್ಲದ ಪತ್ತೇದಾರ. ಹೊಗಳಿಕೆ ಅವರಿಗೆ, ಓಡಾಟ ನನಗೆ.

"ಕೂತ್ಕೊಳ್ಳಿ ಟೀಚರ್. ಯಾವ ಚೀಟಿ?" ಎಂದರು ಮಾವ.

ಟೀಚರ್ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪ್ರೋಗ್ರಾಮಿಂಗ್ ಭಾಷೆಗಳನ್ನು ಹೇಗೆ ಕಟ್ಟುತ್ತಾರೆಂದು ತಿಳಿಯುವ ಹುಚ್ಚಿಗೆ ಮಂಗಳವಾರ, ಗುರುವಾರ ನಮ್ಮಲ್ಲಿಗೆ ಬಂದು ತರಗತಿಯ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವರು ಹೇಳಿದ್ದಿಷ್ಟು. ಹಿಂದಿನ ವಾರ ಮಂಗಳವಾರ ಸಂಜೆ ಮೂರನೆಯ ಮಹಡಿಯ ಸವಾಲಿನ ಪೆಟ್ಟಿಗೆಗೆ ಒಂದು ಚೀಟಿ ಹಾಕಿದ್ದರು. ಶುಕ್ರವಾರ ಪೆಟ್ಟಿಗೆ ತೆರೆಯುವಾಗಲೂ ಈ ಮಂಗಳವಾರವೂ ಅವರು ಬಂದಿರಲಿಲ್ಲ. ಇವತ್ತು ವಿಚಾರಿಸಿದರೆ, ಪೆಟ್ಟಿಗೆ ಖಾಲಿಯಿತ್ತು ಎಂದರಂತೆ.

"ನಾನು ಬಹುಮಾನಕ್ಕೆ ಬಂದಿಲ್ಲ," ಎಂದರು ಟೀಚರ್. "ಆದ್ರೆ ನನ್ನ ಲೆಕ್ಕ ಸರಿಯಾಗಿತ್ತು. ಗುಬ್ಬಿಯ ಭಾಷೆ ಒಡೆಯುತ್ತೆ."

ನನ್ನ ಕೈಯಲ್ಲಿದ್ದ ಸೀಲು ಅಲ್ಲೇ ನಿಂತಿತು.

ಗುಬ್ಬಿ ಎಂದರೆ ನಮ್ಮ ವಿಭಾಗದ ಹಿರಿಯ ಪ್ರೊಫೆಸರ್, ನಾವೆಲ್ಲ ಮೇಷ್ಟ್ರು ಅನ್ನುವವರ ಕೈಕೆಳಗೆ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಸಣ್ಣ ಆಳು, ಪುಟುಪುಟು ನಡಿಗೆ. ಅವಳು ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದಳು. ಅದರಲ್ಲಿ ಬರೆದ ಪ್ರೋಗ್ರಾಮನ್ನು ಓಡಿಸುವ ಮುಂಚೆ 'ಚೆಕರ್' ಒಮ್ಮೆ ಓದುತ್ತದೆ. ಚೆಕರ್ ಒಪ್ಪಿದ ಪ್ರೋಗ್ರಾಂ ನಡುದಾರಿಯಲ್ಲಿ ಎಂದೂ ಕೆಟ್ಟು ನಿಲ್ಲದು ಎಂಬುದು ಅವಳ ಪ್ರಮೇಯ. ಅದನ್ನು ನಾನೂರು ಪುಟದಲ್ಲಿ ಸಾಧಿಸಿದ್ದಳು. ಮುಂದಿನ ಸೋಮವಾರ ವೈವಾ, ಅಂದರೆ ಹೊರಗಿನ ಪರೀಕ್ಷಕರ ಮುಂದೆ ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ದಿನ.

ಆ ಭಾಷೆ ನಿಂತದ್ದು ಮೇಷ್ಟ್ರ ನಿಯಮದ ಮೇಲೆ. ಇಪ್ಪತ್ತೆರಡು ವರ್ಷದ ಹಿಂದೆ ಅವರು ಬರೆದ ಒಂದು ಸಾಲಿನ ನಿಯಮ ಅದು. ಪ್ರೋಗ್ರಾಮಿನಲ್ಲಿ ಮಾಹಿತಿ ಇಡುವ ಡಬ್ಬಿಯೊಂದನ್ನು ಬೇರೆಯವರಿಗೆ ಕೊಟ್ಟ ಮೇಲೆ ಕೊಟ್ಟವನು ಅದನ್ನು ತೆರೆಯಕೂಡದು, ಅಷ್ಟೆ. ಮಾವನಿಗೆ ಅದನ್ನು ವಿವರಿಸಿದಾಗ, "ಒಂದು ಹಳಿಗೆ ಗಾಡಿ ಬಿಟ್ಟ ಮೇಲೆ ಅದೇ ಹಳಿಗೆ ಇನ್ನೊಂದು ಬಿಡೋ ಲಿವರ್ ಎಳೆಯೋಕೇ ಬರಬಾರದು. ಅದೇ ತಾನೆ?" ಎಂದಿದ್ದರು. ಗುಬ್ಬಿ ಅವತ್ತಿನಿಂದ ಅವರ ಅಭಿಮಾನಿ.

ಸವಾಲಿನ ಪೆಟ್ಟಿಗೆ ಮೇಷ್ಟ್ರ ಸಂಶೋಧನಾ ಗುಂಪಿನ ಸಂಪ್ರದಾಯ. ಚೆಕರ್ ಒಪ್ಪಿಯೂ ಓಡುವಾಗ ಕೆಡುವ ಪ್ರೋಗ್ರಾಂ ಯಾರಿಗಾದರೂ ಹೊಳೆದರೆ ಚೀಟಿಯಲ್ಲಿ ಬರೆದು ಹಾಕಬೇಕು. ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಕೂತು ಓದುತ್ತಾರೆ. ಎರಡು ವರ್ಷದಲ್ಲಿ ಒಂದು ಚೀಟಿಯೂ ಗೆದ್ದಿರಲಿಲ್ಲ. ಪೆಟ್ಟಿಗೆಯ ಬೀಗದಕೈ ಇರುತ್ತಿದ್ದದ್ದು ನನ್ನ ಮೇಜಿನ ಮೇಲಿನ ಡ್ರಾಯರಿನಲ್ಲಿ. ಆ ಡ್ರಾಯರಿಗೆ ಬೀಗವಿಲ್ಲ. 

ಟೀಚರ್ ಕರಡು ಬರೆದ ನೋಟ್‌ಬುಕ್ ತಂದಿದ್ದರು. ಅದರಲ್ಲಿದ್ದ ಹತ್ತೊಂಬತ್ತು ಸಾಲುಗಳು ಒಂದು ಗ್ರಂಥಾಲಯದ ಕತೆಯ ಹಾಗಿದ್ದವು. ಕಪಾಟು ಮಾಡು, ಪುಸ್ತಕ ಇಡು, ಕಪಾಟನ್ನು ಓದುಗನಿಗೆ ಕೊಡು ಎಂದೆಲ್ಲ; ಕಪಾಟೇ ಅಲ್ಲಿ ಡಬ್ಬಿ. "ಮೊದಲೆಲ್ಲ ಯಾವ ಡಬ್ಬಿಲಿ ಏನಿರುತ್ತೆ ಅಂತ ಮೇಲುಗಡೆ ಘೋಷಣೆ ಬರೀಬೇಕಿತ್ತಂತೆ," ಎಂದರು ಟೀಚರ್. "ನಮ್ಮ ಬ್ಯಾಚಿಗೆ ಗುಬ್ಬಿ ಅದು ಬೇಡ ಅಂತಲೇ ಕಲಿಸಿದಳು. ಚೆಕರ್ ತಾನೇ ಊಹಿಸಿಕೊಳ್ಳುತ್ತೆ. ಹಾಗಾಗಿ ಸೀದಾ ಕೆಲಸಕ್ಕೇ ಇಳಿದಿದೀನಿ."

ನಾನು ಗುಬ್ಬಿಯನ್ನು ಕರೆಸಿದೆ. ಅವಳು ನಿಂತಲ್ಲೇ ಓದಿದಳು. ಹನ್ನೆರಡನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು.

"ಡಬ್ಬಿಯ ವಿಳಾಸವನ್ನ ಅದೇ ಡಬ್ಬಿಯೊಳಗೆ ಇಟ್ಟಿದೀರ," ಎಂದಳು.

"ಹೂಂ. ಇಟ್ಟು, ಡಬ್ಬಿ ಕೊಟ್ಟುಬಿಟ್ಟೆ. ಆಮೇಲೂ ಒಳಗಿನ ವಿಳಾಸ ಹಿಡ್ಕೊಂಡು ನಾನೂ ತೆಗೀಬಹುದು, ಅವನೂ ತೆಗೀಬಹುದು."

ನಾವೆಲ್ಲ ಮೂರನೆಯ ಮಹಡಿಗೆ ಹೋದೆವು. ಗುಬ್ಬಿಯೇ ಹತ್ತೊಂಬತ್ತು ಸಾಲನ್ನೂ ಟೈಪ್ ಮಾಡಿದಳು. ಚೆಕರ್ ಒಪ್ಪಿತು. ಓಡಿಸಿದಳು, ಪ್ರೋಗ್ರಾಂ ನಡುವೆ ಕೆಟ್ಟು ನಿಂತಿತು.  "ಟೀಚರ್ ಹೇಳಿದ್ದು ಸರಿ. ಒಡೀತು," ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಅದು ಬರೀ ದುಃಖದ ಸಂಗತಿಯಾಗುತ್ತಿತ್ತು, ಅಪರಾಧವಾಗುತ್ತಿರಲಿಲ್ಲ. ಆದರೆ ಅಲ್ಲೇ ಇದ್ದ ಮೆಷೀನಣ್ಣ, ಅಂದರೆ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ತಲೆ ಕೆರೆದುಕೊಂಡ. "ಇಂಥದ್ದೇ ಒಂದನ್ನ ಟೆಸ್ಟ್ ಫೋಲ್ಡರ್‌ನಲ್ಲಿ ನೋಡಿದ ನೆನಪು," ಎಂದ.

ಟೆಸ್ಟ್ ಫೋಲ್ಡರ್ ಎಂದರೆ ಆ ಗುಂಪು ಕೂಡಿಟ್ಟ ಸಣ್ಣ ಸಣ್ಣ ಪ್ರೋಗ್ರಾಮುಗಳ ರಾಶಿ. ಚೆಕರ್ ಬದಲಾದಾಗಲೆಲ್ಲ ಅವನ್ನು ಓಡಿಸಿ, ಹಳೆಯ ತಪ್ಪು ಮರುಕಳಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಫೈಲುಗಳ ನಡುವೆ ಮೆಷೀನಣ್ಣ ಐದೇ ಸಾಲಿನ ಒಂದನ್ನು ಹೊರಗೆಳೆದ. ಅದೇ ತಂತ್ರ: ಡಬ್ಬಿಯೊಳಗೆ ಅದೇ ಡಬ್ಬಿಯ ವಿಳಾಸ. ಫೈಲಿನ ತಲೆಯಲ್ಲಿ 'ಸದ್ಯಕ್ಕೆ ಬಿಟ್ಟು ಮುಂದೆ ಹೋಗು' ಎಂಬ ಗುರುತಿದ್ದುದರಿಂದ ಮಿಕ್ಕವುಗಳ ಜೊತೆ ಅದು ಓಡುತ್ತಲೇ ಇರಲಿಲ್ಲ. ಸೇರಿಸಿದ್ದು ಹಿಂದಿನ ವಾರ ಬುಧವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ. ಸೇರಿಸಿದವರ ಹೆಸರಿನ ಜಾಗದಲ್ಲಿ ಗುಬ್ಬಿಯ ಲಾಗಿನ್.

"ನಾನಲ್ಲ," ಎಂದಳು ಗುಬ್ಬಿ. 

ವಿಷಯ ವಿಭಾಗದ ಮುಖ್ಯಸ್ಥೆಯ ತನಕ ಹೋಯಿತು. ಮೇಡಂ ಕಟುಕಿಯಲ್ಲ, ಆದರೆ ಸುತ್ತಿ ಬಳಸಿ ಮಾತಾಡುವವರೂ ಅಲ್ಲ. "ಭಾಷೆ ಒಡೆದರೆ ಅದು ತಪ್ಪಲ್ಲ. ಒಡೆಯುತ್ತೆ ಅಂತ ಗೊತ್ತಿದ್ದೂ ಚೀಟಿ ಬಚ್ಚಿಟ್ಟು ವೈವಾಗೆ ಕೂರೋದು ಮೋಸ," ಎಂದರು. "ಶನಿವಾರ ಮಧ್ಯಾಹ್ನದೊಳಗೆ ಬೇರೆ ಏನಾದ್ರೂ ತಿಳಿದುಬಂದ್ರೆ ಸರಿ. ಇಲ್ಲಾಂದ್ರೆ ವೈವಾ ರದ್ದು, ವಿಚಾರಣಾ ಸಮಿತಿಗೆ ಕಾಗದ."

ಅಂಥ ಕಾಗದ ಒಮ್ಮೆ ಹೋಯಿತೆಂದರೆ ಆ ಹುಡುಗಿಗೆ ಎಲ್ಲಿಯೂ ಜಾಗವಿಲ್ಲ. ಅವಳು ನನ್ನ ಕಚೇರಿಗೆ ಬಂದು ಕಪಾಟಿನ ಮರೆಯಲ್ಲಿ ಕೂತು ಅತ್ತಳು. "ಭಾಷೆ ಒಡೀತು ಅಂತ ಅಳ್ತಿಲ್ಲ ಅಕ್ಕ. ಅದನ್ನ ಸರಿ ಮಾಡಬಹುದು. ಕಳ್ಳಿ ಅಂದುಬಿಟ್ರಲ್ಲ." ನನಗೆ ಪಿತ್ತ ನೆತ್ತಿಗೇರಿತು. ಬೀಗವಿಲ್ಲದ ಡ್ರಾಯರಿನ ಮೇಲೂ, ಅದರ ಯಜಮಾನಿಯಾದ ನನ್ನ ಮೇಲೂ.

"ಮಾವ, ಇವಳು ಹಾಗೆ ಮಾಡೋಳಲ್ಲ," ಎಂದೆ.

"ನಿನಗೆ ಗೊತ್ತು, ನನಗೂ ಗೊತ್ತು. ಮೇಡಂಗೆ ತೋರಿಸಬೇಕಲ್ಲಮ್ಮ. ಆ ಐದು ಸಾಲನ್ನ ಒಂದು ಹಾಳೆ ಮೇಲೆ ತೆಗೆಸಿಕೊಡು."

ಮಧ್ಯಾಹ್ನ ಮಾವ ಆ ಹಾಳೆಯನ್ನೂ ಟೀಚರ ನೋಟ್‌ಬುಕ್ಕನ್ನೂ ಹಿಡಿದು ಮೆಷೀನಣ್ಣನ ಪಕ್ಕ ಕೂತರು. ಎದುರು ಮೇಜಿನಲ್ಲಿ ಉದ್ದಣ್ಣನಿದ್ದ. ಡಾಕ್ಟರೇಟ್ ಮುಗಿಸಿಯೂ ಗುಂಪಿನಲ್ಲೇ ಉಳಿದ, ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದವ. ಹಿಂದಿನ ವರ್ಷ ಒಂದು ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಅವನಿಗೂ ಗುಬ್ಬಿಗೂ ಮನಸ್ತಾಪವಾಗಿತ್ತು. ನಾನು ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದೆ.

"ಹತ್ತೊಂಬತ್ತು ಸಾಲು ಐದು ಹೇಗಾಯ್ತು?" ಎಂದರು ಮಾವ.

"ಅದು ನಮ್ಮವರ ಚಟ ತಾತ," ಎಂದ ಉದ್ದಣ್ಣ. "ಒಡೆಯೋ ಪ್ರೋಗ್ರಾಂ ಸಿಕ್ಕಿದ ತಕ್ಷಣ ಕತ್ತರಿಸೋಕೆ ಶುರು ಮಾಡ್ತೀವಿ. ಒಂದು ಸಾಲು ತೆಗೆಯೋದು, ಇನ್ನೂ ಒಡೆಯುತ್ತಾ ನೋಡೋದು. ಒಡೆದರೆ ಆ ಸಾಲು ಬೇಡ ಅಂತ ಅರ್ಥ. ಹಾಗೆ ತೆಗೀತಾ ತೆಗೀತಾ, ಇನ್ನು ಒಂದು ಸಾಲೂ ತೆಗೆಯೋಕಾಗಲ್ಲ ಅನ್ನೋ ತನಕ. ಆಗ ತಪ್ಪು ಎಲ್ಲಿದೆ ಅಂತ ಬರಿಗಣ್ಣಿಗೇ ಕಾಣುತ್ತೆ."

"ಅಂದ್ರೆ ಪ್ರತಿ ಸಲವೂ ಚೆಕರ್ ಓಡಿಸಿ ನೋಡಬೇಕು."

"ಮತ್ತೆ? ಕೈಯಲ್ಲಿ ಆಗೋ ಕೆಲಸ ಅಲ್ಲ."

"ಹಾಗಿದ್ರೆ ಈ ಐದರಲ್ಲಿ ಒಂದೊಂದೇ ಸಾಲು ತೆಗೆದು ತೋರಿಸಿ."

ಮೆಷೀನಣ್ಣ ಕೊನೆಯ ಸಾಲಿನಿಂದ ಶುರು ಮಾಡಿದ. ಡಬ್ಬಿ ತೆರೆಯುವ ಸಾಲು ತೆಗೆದ, ಪ್ರೋಗ್ರಾಂ ನೆಟ್ಟಗೆ ಓಡಿತು. ಅದನ್ನು ವಾಪಸ್ ಹಾಕಿ, ಡಬ್ಬಿ ಕೊಡುವ ಸಾಲು ತೆಗೆದ, ನೆಟ್ಟಗೆ ಓಡಿತು. ವಿಳಾಸ ಇಡುವ ಸಾಲು ತೆಗೆದರೂ ಹಾಗೇ. ಡಬ್ಬಿ ಮಾಡುವ ಸಾಲು ತೆಗೆದರೆ ಮಿಕ್ಕದ್ದಕ್ಕೆ ಅರ್ಥವೇ ಇಲ್ಲ. ಕೊನೆಗೆ ಉಳಿದದ್ದು ಮೊದಲ ಸಾಲು: 'ಈ ಡಬ್ಬಿಯಲ್ಲಿ ಡಬ್ಬಿಗಳ ವಿಳಾಸ ಇರುತ್ತದೆ' ಎಂಬ ಘೋಷಣೆ. ಅದನ್ನು ತೆಗೆದ. ಪ್ರೋಗ್ರಾಂ ಮೊದಲಿನಂತೆಯೇ ಒಡೆಯಿತು.

"ಇದು ಸುಮ್ಮನೆ ಉಳ್ಕೊಂಡಿದೆ," ಎಂದ ಮೆಷೀನಣ್ಣ.

"ಎಂಥ ಸೋಮಾರಿ ಕೆಲಸ," ಎಂದು ಉದ್ದಣ್ಣ ಮೂಗು ಮುರಿದ. "ನಾನಾಗಿದ್ರೆ ನಾಲ್ಕು ಸಾಲಿಗೆ ಇಳಿಸ್ತಿದ್ದೆ."

ಮಾವ ಹಾಳೆಯನ್ನೊಮ್ಮೆ, ನೋಟ್‌ಬುಕ್ಕನ್ನೊಮ್ಮೆ ನೋಡಿದರು. ಮತ್ತೆ ಹಾಳೆಯನ್ನು ನೋಡಿದರು. ಎರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. 

ಶುಕ್ರವಾರ ಬೆಳಗ್ಗೆ ಹಿಂದಿನ ವಾರದ ಬುಧವಾರದ ಲೆಕ್ಕ ತೆಗೆದೆವು. ಅವತ್ತು ಕಚೇರಿಗೆ ಯಾರು ಯಾರು ಬಂದಿದ್ದರು ಎಂದು ಮಾವ ಕೇಳಿದರು. ಉದ್ದಣ್ಣ ಸ್ಟೇಪ್ಲರ್ ಕೇಳಿಕೊಂಡು ಬಂದಿದ್ದ, ಅವನು ತೆಗೆದದ್ದು ಅದೇ ಡ್ರಾಯರಿನಿಂದ. ಮೇಷ್ಟ್ರು ಯಾವುದೋ ಅರ್ಜಿಗೆ ಸಹಿ ಹಾಕಲು ಬಂದಿದ್ದರು. ಗುಬ್ಬಿ ವೈವಾದ ಸೂಚನಾಪತ್ರ ಒಯ್ಯಲು ಬಂದಿದ್ದಳು. ಮೆಷೀನಣ್ಣ ನನ್ನ ಪ್ರಿಂಟರ್ ರಿಪೇರಿಗೆ ಬಂದು ಅರ್ಧ ದಿನ ಇಲ್ಲೇ ಬಿದ್ದಿದ್ದ. ನಡುವೆ ನಾನು ಎರಡು ಸಲ ಝೆರಾಕ್ಸಿಗೆ ಎದ್ದುಹೋಗಿದ್ದೆ. ಅಂದರೆ ಬೀಗದಕೈ ಯಾರ ಕೈಗಾದರೂ ಸಿಗಬಹುದಿತ್ತು.

"ಒಂದು ಇಪ್ಪತ್ತಕ್ಕೆ ನೀನೆಲ್ಲಿದ್ದೆ ಮಗಳೇ?" ಎಂದು ಗುಬ್ಬಿಯನ್ನು ಕೇಳಿದರು.

"ತಾರಸಿ ಮೇಲೆ ಒಬ್ಬಳೇ ಊಟ ಮಾಡ್ತಿದ್ದೆ. ವೈವಾದ ಮಾತುಗಳನ್ನ ಬಾಯಿಪಾಠ ಮಾಡ್ಕೊಳ್ತಾ. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಲಾಗಿನ್ ಹಾಗೇ ತೆರೆದಿಟ್ಟು ಹೋಗೋದು ನನ್ನ ಕೆಟ್ಟ ಅಭ್ಯಾಸ. ಎಲ್ಲರಿಗೂ ಗೊತ್ತು."

ಆಮೇಲೆ ಮೇಷ್ಟ್ರ ಕೋಣೆಗೆ ಹೋದೆವು. ಮೇಷ್ಟ್ರ ಬಗ್ಗೆ ನನಗೆ ಗೌರವ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ದನಿಯೇರಿಸಿದವರಲ್ಲ. ಅವತ್ತು ಅವರ ಕಣ್ಣು ಕೆಂಪಗಿತ್ತು, ಕುಡಿಯದೆ ಬಿಟ್ಟ ಕಾಫಿಯ ಮೇಲೆ ಕೆನೆಗಟ್ಟಿತ್ತು. ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಗೊರಗುಟ್ಟುತ್ತಿತ್ತು.

"ಅವಳು ಒಳ್ಳೇ ಹುಡುಗಿ," ಎಂದರು. "ಸಮಿತಿ ಮುಂದೆ ನಾನೇ ಮಾತಾಡ್ತೀನಿ. ಒತ್ತಡದಲ್ಲಿ ಏನೋ ಮಾಡಿರಬಹುದು. ದೊಡ್ಡ ಶಿಕ್ಷೆ ಆಗದ ಹಾಗೆ ನೋಡ್ಕೋತೀನಿ."

ಮಾತು ಬದಲಿಸಲು ನಾನು, "ಸರ್, ನಿಮ್ಮ ಮೆಷೀನಿಗೆ ಎಲ್ಲ ಹೊಸದು ಹಾಕಬೇಕು ಅಂತ ಮೆಷೀನಣ್ಣ ನನ್ನ ತಲೆ ತಿಂತಿದಾನೆ," ಎಂದೆ.

ಅವರು ಸೋತ ನಗೆ ನಕ್ಕರು. "ಒಂದೂವರೆ ವರ್ಷದಿಂದ ಮುಟ್ಟೋಕೆ ಬಿಟ್ಟಿಲ್ಲ. ಹೊಸದೆಲ್ಲ ಊಹೆ ಮಾಡುತ್ತೆ. ಹಳೇದರಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅದು ಶಿಸ್ತು ಕಣಮ್ಮ."

ಹೊರಗೆ ಬಂದ ಮೇಲೆ ಮಾವ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಂಡಿ ನೋವೇ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿ, "ಮೆಷೀನಣ್ಣನಿಗೆ ಒಂದು ಮಾತು ಕೇಳಬೇಕು. ನಾಳೆ ಹತ್ತಕ್ಕೆ ಎಲ್ಲರೂ ಸೆಮಿನಾರ್ ಕೋಣೆಗೆ ಬರಲಿ ಅಂತ ಮೇಡಂಗೆ ಹೇಳು," ಎಂದರು. ಅವರ ದನಿಯಲ್ಲಿ ಗೆಲುವಿರಲಿಲ್ಲ.

ಶನಿವಾರ ಹತ್ತಕ್ಕೆ ಎಲ್ಲರೂ ಸೇರಿದೆವು. ಮೇಡಂ ತಲೆದಿಕ್ಕಿನಲ್ಲಿ, ಪಕ್ಕದಲ್ಲಿ ಮೇಷ್ಟ್ರು. ಟೀಚರ್ ಗುಬ್ಬಿಯ ಕೈ ಹಿಡಿದು ಕೂತಿದ್ದರು. ಉದ್ದಣ್ಣ, ಮೆಷೀನಣ್ಣ ಗೋಡೆ ಬದಿಗೆ, ನಾನು ಬಾಗಿಲ ಬಳಿ. ಮಾವ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ಟೀಚರ ಹತ್ತೊಂಬತ್ತು ಸಾಲು, ಇನ್ನೊಂದು ಫೋಲ್ಡರಿನ ಐದು ಸಾಲು.

"ನಾನು ಕಂಪ್ಯೂಟರ್ ಕಲಿತವನಲ್ಲ," ಎಂದು ಶುರು ಮಾಡಿದರು. "ತಪ್ಪಿದ್ರೆ ತಿದ್ದಿ. ಮೊದಲು ಈ ಕಳ್ಳ ಎಂಥವನು ಅಂತ ನೋಡೋಣ. ಗುಬ್ಬಿಗೆ ಕೆಟ್ಟದಾಗಲಿ ಅಂತ ಇದ್ದವನು ಚೀಟಿಯನ್ನ ಪೆಟ್ಟಿಗೇಲೇ ಬಿಡ್ತಿದ್ದ. ಶುಕ್ರವಾರ ಅದು ತಾನಾಗೇ ಹೊರಗೆ ಬರ್ತಿತ್ತು. ಹಾಗಾಗಿ ಉದ್ದಣ್ಣನ ಮನಸ್ತಾಪಕ್ಕೂ ಇದಕ್ಕೂ ಸಂಬಂಧ ಇಲ್ಲ."

ಉದ್ದಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

"ಬಚ್ಚಿಡೋದಷ್ಟೇ ಉದ್ದೇಶ ಆಗಿದ್ರೆ ಚೀಟಿ ಸುಟ್ಟು ಸುಮ್ಮನಿರಬಹುದಿತ್ತು. ಇವರು ಚೀಟಿ ತೆಗೆದರು, ಆದ್ರೆ ಪ್ರೋಗ್ರಾಮನ್ನ ನಾಶ ಮಾಡೋಕೆ ಕೈ ಬರಲಿಲ್ಲ. ಕೂತು ಕತ್ತರಿಸಿ, ಐದು ಸಾಲಿಗೆ ಇಳಿಸಿ, ಇಡಬೇಕಾದ ಜಾಗದಲ್ಲೇ ಇಟ್ಟರು. ಮೆಷೀನಣ್ಣ, ನೀನಾಗಿದ್ರೆ ಇಡ್ತಿದ್ದೆಯಾ?"

"ನನಗೆ ಓಡಿಸೋಕೆ ಬರುತ್ತೆ, ಕತ್ತರಿಸೋಕೆ ಬರಲ್ಲ. ಅದು ಈ ಭಾಷೆ ಕಟ್ಟೋರ ಕೆಲಸ."

"ಅಂದ್ರೆ ಮೂವರು ಉಳಿದರು: ಗುಬ್ಬಿ, ಉದ್ದಣ್ಣ, ಮೇಷ್ಟ್ರು. ಈಗ ಈ ಸಾಲು ನೋಡಿ." ಮಾವ ಐದು ಸಾಲಿನ ಹಾಳೆಯ ತಲೆಯ ಮೇಲೆ ಬೆರಳಿಟ್ಟರು. "ಈ ಘೋಷಣೆ ತೆಗೆದರೂ ಪ್ರೋಗ್ರಾಂ ಒಡೆಯುತ್ತೆ. ಬೇಡದ ಸಾಲು. ಸೋಮಾರಿತನದಿಂದ ಉಳೀತು ಅಂದ ಉದ್ದಣ್ಣ. ನಾನೂ ಹಾಗೇ ಅಂದ್ಕೊಂಡಿದ್ದೆ, ಟೀಚರ ನೋಟ್‌ಬುಕ್ ಪಕ್ಕದಲ್ಲಿ ಇಟ್ಟು ನೋಡೋ ತನಕ. ಟೀಚರ್, ನಿಮ್ಮ ಹತ್ತೊಂಬತ್ತು ಸಾಲಲ್ಲಿ ಈ ಘೋಷಣೆ ಎಲ್ಲಿದೆ?"

ಟೀಚರ್ ನೋಡದೆಯೇ ಹೇಳಿದರು. "ಇಲ್ಲ. ನಾನು ಘೋಷಣೆ ಬರೆದೇ ಇಲ್ಲ."

"ಹಾಗಾದ್ರೆ ಇದು ಉಳಿದ ಸಾಲಲ್ಲ, ಸೇರಿಸಿದ ಸಾಲು. ಒಂದೊಂದೇ ಸಾಲು ಕಿತ್ತುಹಾಕೋಕೆ ಕೂತವರು ಹೊಸದಾಗಿ ಒಂದು ಸಾಲು ಯಾಕೆ ಬರೀತಾರೆ?"

 ಗುಬ್ಬಿ ನಿಧಾನವಾಗಿ ತಲೆಯೆತ್ತಿದಳು. ಅವಳಿಗೆ ಅರ್ಥವಾದದ್ದು ನನಗಿಂತ ಮೊದಲು. 

"ಯಾಕಂದ್ರೆ ಆ ಸಾಲಿಲ್ಲದೆ ಅವರ ಚೆಕರ್ ಈ ಪ್ರೋಗ್ರಾಮನ್ನ ಓದೋದೇ ಇಲ್ಲ," ಎಂದರು ಮಾವ. "ಈಗಿನ ಚೆಕರ್ ಡಬ್ಬಿಯಲ್ಲಿ ಏನಿದೆ ಅಂತ ತಾನೇ ಊಹಿಸಿಕೊಳ್ಳುತ್ತೆ. ಹಳೇ ಚೆಕರ್‌ಗೆ ಬರೆದು ಹೇಳಬೇಕು. ಆ ಊಹೆ ಮಾಡೋ ಭಾಗ ಕಟ್ಟಿದವಳೇ ಗುಬ್ಬಿ. ಅವಳ ಯಂತ್ರದಲ್ಲಿರೋದು ಹೊಸದು. ಉದ್ದಣ್ಣನದರಲ್ಲೂ, ಲ್ಯಾಬಿನದರಲ್ಲೂ ಹೊಸದೇ. ನಿನ್ನೆ ಮೆಷೀನಣ್ಣನನ್ನ ಕೇಳಿದೆ, ಹಳೇ ಚೆಕರ್ ಇನ್ನೂ ಎಲ್ಲೆಲ್ಲಿ ಇದೆ ಅಂತ."

"ಒಂದೇ ಕಡೆ," ಎಂದ ಮೆಷೀನಣ್ಣ. ಅವನು ನೆಲ ನೋಡುತ್ತಿದ್ದ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಸಾಲು ನನ್ನ ಗಮನಕ್ಕೇ ಬರಲಿಲ್ಲ," ಎಂದರು. "ಇಪ್ಪತ್ತೆರಡು ವರ್ಷದಿಂದ ಹಾಗೇ ಬರೆದು ಅಭ್ಯಾಸ. ಕೈ ತಾನಾಗೇ ಬರೀತು."

 ಮೇಡಂ ಏನೋ ಹೇಳಲು ಹೊರಟರು, ಮಾವ ಕೈಸನ್ನೆಯಿಂದ ತಡೆದರು.

"ಮಂಗಳವಾರ ಸಂಜೆ ಟೀಚರ್ ಚೀಟಿ ಹಾಕೋದು ನೋಡಿದೆ," ಎಂದರು ಮೇಷ್ಟ್ರು. "ಶುಕ್ರವಾರದ ತನಕ ಕಾಯೋಕೆ ಮನಸ್ಸು ತಡೀಲಿಲ್ಲ. ಓದಿ ವಾಪಸ್ ಹಾಕೋಣ ಅಂತಲೇ ಬುಧವಾರ ಬೀಗದಕೈ ತಗೊಂಡೆ. ಓದಿದೆ. ಒಡೆದದ್ದು ಅವಳ ಭಾಷೆ ಅಲ್ಲ, ನನ್ನ ನಿಯಮ. ಊರೂರಲ್ಲಿ ಪಾಠ ಮಾಡ್ತಾರೆ ಅದನ್ನ. ಸೋಮವಾರ ಅವಳ ವೈವಾ ಮುಗಿದುಹೋಗಲಿ, ಆಮೇಲೆ ನಾನೇ ಸರಿ ಮಾಡಿ ಹೇಳ್ತೀನಿ ಅಂದ್ಕೊಂಡೆ. ಅವಳ ಒಳ್ಳೇದಕ್ಕೇ ಅಂತ ನನಗೆ ನಾನೇ ಹೇಳ್ಕೊಂಡೆ."

"ಅದನ್ನ ನಂಬೋಣ," ಎಂದರು ಮಾವ. "ಫೋಲ್ಡರ್‌ಗೆ ಅವಳ ಲಾಗಿನ್‌ನಿಂದ ಹಾಕಿದ್ದು?"

"ಕಳೆದುಹೋಗಬಾರದು ಅಂತ ಲ್ಯಾಬಿನ ಯಂತ್ರದಲ್ಲಿ ಕೂತು ಹಾಕಿದೆ. ನನ್ನ ಹೆಸರು ಬೇಡ ಅಂತ ಯಾವುದು ತೆರೆದಿತ್ತೋ ಅದರಲ್ಲೇ. ಅವಳದು ಅಂತ ಆಮೇಲೆ ಹೊಳೀತು."

"ಯಾವಾಗ ಹೊಳೀತು?"

ಮೇಷ್ಟ್ರು ಮೇಜಿನ ಮೇಲಿದ್ದ ಕನ್ನಡಕವನ್ನು ಪಕ್ಕಕ್ಕೆ ಸರಿಸಿದರು. "ಅವತ್ತೇ."

"ಗುರುವಾರ ಅವಳ ಮೇಲೆ ಅಪವಾದ ಬಂದಾಗಲೂ ಗೊತ್ತಿತ್ತು. ನಿನ್ನೆ ನಮ್ಮ ಎದುರು, ಒತ್ತಡದಲ್ಲಿ ಮಾಡಿರಬಹುದು ಅಂದಾಗಲೂ ಗೊತ್ತಿತ್ತು," ಎಂದರು ಮಾವ. ಅವರು ದನಿಯೇರಿಸಲಿಲ್ಲ. "ಚೀಟಿ ತೆಗೆದದ್ದನ್ನ ನಾನು ಮನುಷ್ಯ ಸಹಜ ಅಂತೀನಿ ಸರ್. ಆ ಎರಡು ದಿನದ ಮೌನವನ್ನ ಹಾಗೆ ಅನ್ನೋಕೆ ನನ್ನಿಂದಾಗಲ್ಲ."

 ಗುಬ್ಬಿ ಎದ್ದು ಮೇಷ್ಟ್ರ ಕುರ್ಚಿಯ ಹತ್ತಿರ ಹೋದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಆರು ವರ್ಷದಲ್ಲಿ ನಿಮಗೆ ಒಂದೇ ಒಂದು ಸಲ ನನ್ನ ಸಹಾಯ ಬೇಕಾಗಿತ್ತು ಸರ್," ಎಂದಳು. "ಅವತ್ತೇ ನನ್ನನ್ನ ಕರೀಲಿಲ್ಲ."

ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ವೈವಾ ರದ್ದಾಗಲಿಲ್ಲ. ರದ್ದು ಮಾಡಬೇಡಿ ಎಂದು ಕೇಳಿಕೊಂಡವಳು ಗುಬ್ಬಿಯೇ. ಸೋಮವಾರ ಪರೀಕ್ಷಕರ ಮುಂದೆ ನಿಂತು, ಮೊದಲು ಟೀಚರ ಹತ್ತೊಂಬತ್ತು ಸಾಲನ್ನೂ ಬೋರ್ಡಿನ ಮೇಲೆ ಬರೆದಳು. ಇದು ನನ್ನ ಪ್ರಮೇಯವನ್ನು ಒಡೆಯುತ್ತದೆ, ಕಂಡುಹಿಡಿದವರು ಆ ಮುಂದಿನ ಸಾಲಿನಲ್ಲಿ ಕೂತಿದ್ದಾರೆ ಎಂದಳು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಪರೀಕ್ಷಕರು ಎರಡು ಗಂಟೆ ಪ್ರಶ್ನೆ ಕೇಳಿ, ನಿಯಮ ತಿದ್ದಿ ಸಾಧನೆ ಪೂರೈಸಲು ಆರು ತಿಂಗಳು ಕೊಟ್ಟರು. ವಿಚಾರಣಾ ಸಮಿತಿಗೆ ಕಾಗದ ಹೋದದ್ದು ಮೇಷ್ಟ್ರ ಹೆಸರಿನಲ್ಲಿ. ಗುಂಪಿನ ಮುಖ್ಯಸ್ಥರ ಜಾಗ ಅವರ ಕೈತಪ್ಪಿತು. ತಮ್ಮ ನಿಯಮದಲ್ಲಿ ದೋಷವಿದೆ ಎಂಬ ಪತ್ರವನ್ನು ಅವರೇ ಬರೆದು, ಅದನ್ನು ಪಾಠ ಮಾಡುವ ಎಲ್ಲ ಕಡೆಗೂ ಕಳಿಸಲು ನನ್ನ ಕೈಗೆ ಕೊಟ್ಟರು.

ಮಂಗಳವಾರ ಗುಬ್ಬಿ ಅವಧಿ ವಿಸ್ತರಣೆಯ ಅರ್ಜಿ ತುಂಬಲು ಬಂದಳು. ನಾನು ಟೈಪ್ ಮಾಡುತ್ತಾ ಹೋದೆ. "ಗೈಡ್ ಹೆಸರು ಏನು ಹಾಕಲಿ? ಮೇಡಂ ತಾವೇ ಆಗ್ತೀನಿ ಅಂದಿದಾರೆ," ಎಂದೆ.

ಅವಳು ಪರದೆಯ ಕಡೆ ಬೆರಳು ತೋರಿದಳು. "ಅದೊಂದು ಜಾಗ ಖಾಲಿ ಬಿಡಿ ಅಕ್ಕ. ಮೊದಲು ಆ ನಿಯಮ ಸರಿಯಾಗಲಿ."

"ಅಂದ್ರೆ ಮತ್ತೆ ಅವರ ಹತ್ರ ಹೋಗ್ತೀಯ?" ನನಗೆ ರೇಗಿಹೋಗಿತ್ತು, ಮುಚ್ಚಿಡಲಿಲ್ಲ. "ನಾನಾಗಿದ್ರೆ ಆ ಕೋಣೆ ಹೊಸಿಲು ತುಳೀತಿರಲಿಲ್ಲ."

"ನನಗೂ ಸಿಟ್ಟಿದೆ. ಹೋಗೋದಿಲ್ಲ ಅಂತ ರಾತ್ರಿಯೆಲ್ಲ ಹೇಳ್ಕೊಂಡೆ," ಎಂದಳು ಅವಳು. "ಆದ್ರೆ ಆ ನಿಯಮ ನನಗಿಂತ ಚೆನ್ನಾಗಿ ಗೊತ್ತಿರೋದು ಅವರೊಬ್ಬರಿಗೇ."

ಅವಳು ಹೋದ ಮೇಲೆ ನಾನು ಮಾವನ ಕಡೆ ತಿರುಗಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, "ಹೋಗಿ ನೋಡ್ಕೊಂಡು ಬಾ, ಇಲ್ಲಾಂದ್ರೆ ನಿನಗೆ ಕೆಲಸ ಸಾಗಲ್ಲ," ಎಂದರು. ಸಹಿಗೆ ಫೈಲು ಒಯ್ಯುವ ನೆಪ ಮಾಡಿಕೊಂಡು ಮೂರನೆಯ ಮಹಡಿ ಹತ್ತಿದೆ. ಮೇಷ್ಟ್ರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಷ್ಟ್ರು ಗೋಡೆ ಬದಿಯ ಸ್ಟೂಲಿನ ಮೇಲೆ ಕೂತಿದ್ದರು. ಅವರ ಕುರ್ಚಿ ಖಾಲಿಯಿತ್ತು, ಗುಬ್ಬಿ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತಿದ್ದಳು.

"ನೀವು ಹೇಳ್ತಾ ಹೋಗಿ ಸರ್," ಎಂದಳು. "ತಪ್ಪಿದ್ದ ಕಡೆ ನಾನು ನಿಲ್ಲಿಸ್ತೀನಿ."

ಮೇಷ್ಟ್ರು ಶುರು ಮಾಡಿದರು. ಎರಡನೆಯ ಮಾತಿಗೇ ಅವಳು ನಿಲ್ಲಿಸಿದಳು.